ಕೈಯಲ್ಲಿ ಉಳಿಸಿದ ಕುರಿ: ಯುದ್ಧದಾಟಗಳಲ್ಲಿ ಮೀಸಲು ಪಡೆ

ಹುಲಿ-ಕುರಿ ಆಟ ಶುರುವಾಗುವಾಗ 15 ಕುರಿಗಳೂ ಮಣೆಯ ಹೊರಗೇ ಇರುತ್ತವೆ. ಆಡು-ಹುಲಿ, ಹುಲಿಘಟ್ಟ ಎಂದು ಊರಿಗೊಂದು ಹೆಸರು, ಊರಿಗೊಂದು ಕ್ರಮ ಇರುವ ಈ ಆಟದ ಹೆಚ್ಚು ಪರಿಚಿತ ಮಣೆ ತ್ರಿಕೋನದ್ದು. ಗೆರೆಗಳು ಕೂಡುವ ಜಾಗಗಳು 23, ಹುಲಿಗಳು 3. ಕುರಿಯ ಕಡೆಯವರು ಸರದಿಗೊಂದರಂತೆ ಕುರಿ ಇಳಿಸಬೇಕು. ಕೊನೆಯ ಕುರಿ ಇಳಿಯುವ ತನಕ ಮೊದಲು ಇಳಿದದ್ದನ್ನು ಕದಲಿಸುವ ಹಾಗಿಲ್ಲ. ಒಂದು ಕುರಿಯೂ ಸಾಯದೆ ಎಲ್ಲವೂ ಇಳಿದರೆ 18 ಜಾಗ ತುಂಬಿ ಐದೇ ಜಾಗ ಖಾಲಿ ಉಳಿಯುತ್ತವೆ. ಅಷ್ಟು ಹೊತ್ತಿಗೆ ಹುಲಿಗಳು ಹೆಚ್ಚುಕಡಿಮೆ ಕಟ್ಟಿಬಿದ್ದಿರುತ್ತವೆ. ಕುರಿ ನಡೆಸುವುದರಲ್ಲಿ ಗೆಲ್ಲುವವರು ಕಡಿಮೆ. ಇಳಿಸುವುದರಲ್ಲೇ ಗೆಲ್ಲಬೇಕು, ಇಳಿಸುವುದರಲ್ಲೇ ಸೋಲುವುದು.

ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ದಾಳ ಎಸೆದು ಆಡುವ ಮಿನಿಯೇಚರ್ ವಾರ್‌ಗೇಮ್‌ಗಳಲ್ಲಿ ಆಟಗಾರರು ಇಂದಿಗೂ ತಲೆಕೆಡಿಸಿಕೊಳ್ಳುವ ಪ್ರಶ್ನೆ ಇದೇ. ಸೈನ್ಯದಲ್ಲಿ ಎಷ್ಟನ್ನು ಮೇಜಿನ ಹೊರಗೆ ಉಳಿಸಬೇಕು, ಯಾವ ಸರದಿಯಲ್ಲಿ ಒಳಗೆ ತರಬೇಕು, ಯಾವ ಅಂಚಿನಿಂದ ತರಬೇಕು? ಬರುವ ಹೊತ್ತು ಆಟಗಾರನ ಕೈಯಲ್ಲಿರಬೇಕೋ ದಾಳದ ಕೈಯಲ್ಲೋ? ಇದಕ್ಕೆ ಬೇರೆ ಬೇರೆ ಆಟಗಳು ಕೊಟ್ಟ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ನಮ್ಮ ಜಗುಲಿಯ ಆಟಗಳೂ ನಮ್ಮ ನೆಲದ ಯುದ್ಧಗಳೂ ಈ ಚರ್ಚೆಯ ನಡುಮನೆಯಲ್ಲೇ ಕೂರುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕುರಿಯನ್ನೇ ಹತ್ತಿರದಿಂದ ನೋಡೋಣ. ಹುಲಿ ಕುರಿಯನ್ನು ಕೊಲ್ಲಬೇಕಾದರೆ ಅದರ ಮೇಲೆ ನೇರ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಜಾಗಕ್ಕೆ ಇಳಿಯಬೇಕು. ಆದ್ದರಿಂದ ಮೂಲೆಯಲ್ಲಿ ಇಟ್ಟ ಕುರಿಗೆ ಸಾವಿಲ್ಲ, ಅದರಾಚೆ ಜಾಗವೇ ಇಲ್ಲವಲ್ಲ. ಬೆನ್ನಿಗೆ ಇನ್ನೊಂದು ಕುರಿ ನಿಂತ ಕುರಿಗೂ ಆ ಗೆರೆಯಲ್ಲಿ ಭಯವಿಲ್ಲ. ಪಳಗಿದವರು ಮೊದಲ ಕುರಿಗಳನ್ನು ಮೂಲೆಗೆ, ಅಂಚಿಗೆ ಇಟ್ಟು, ಆಮೇಲೆ ಒಂದರ ಬೆನ್ನಿಗೊಂದು ಆತು ನಿಲ್ಲುವಂತೆ ಒಳಗೆ ಬರುತ್ತಾರೆ. ಹೊಸಬರು ಹುಲಿಯನ್ನು ತಡೆಯುವ ಅವಸರದಲ್ಲಿ ನಡುವೆ ಇಟ್ಟು ಎರಡು ಮೂರು ಕುರಿ ಕಳೆದುಕೊಳ್ಳುತ್ತಾರೆ. ಕೈಯಲ್ಲಿರುವ ಕುರಿಯನ್ನು ಹುಲಿ ಮುಟ್ಟಲಾರದು, ಆದರೆ ಅದು ಯಾವ ದಾರಿಯನ್ನೂ ಕಟ್ಟಲಾರದು. ಮೀಸಲು ಪಡೆಯ ಲಾಭ ನಷ್ಟ ಎರಡೂ ಇಷ್ಟರಲ್ಲೇ ಇವೆ.

ಚೌಕಾಬಾರದ ದಾರಿ ಬೇರೆ. ಕೆಲವು ಮನೆಗಳಲ್ಲಿ ಕವಡೆ ನಾಲ್ಕು ಬಿದ್ದು ಚೌಕವೋ, ಎಂಟು ಬಿದ್ದು ಬಾರವೋ ಆದರೆ ಮಾತ್ರ ಕಾಯಿ ಇಳಿಯುತ್ತದೆ. ಗರ ಬೀಳದಿದ್ದರೆ ಎಷ್ಟೇ ಜಾಣನಾದರೂ ಕಾಯಿ ಹೊರಗೆ, ಕೈ ಖಾಲಿ. ಚದುರಂಗದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ, 16 ಕಾಯಿಗಳೂ ಮೊದಲೇ ಮಣೆಯ ಮೇಲಿರುತ್ತವೆ. ಅದರ ಜಪಾನಿ ದಾಯಾದಿ ಶೋಗಿಯಲ್ಲಿ ಮಾತ್ರ ಎದುರಾಳಿಯಿಂದ ಹಿಡಿದ ಕಾಯಿ ನಮ್ಮ ಕೈಗೆ ಬಂದು, ನಮ್ಮ ಪಡೆಯಾಗಿ, ಬೇಕೆಂದಾಗ ಬೇಕಾದ ಖಾಲಿ ಮನೆಗೆ ಇಳಿಯುತ್ತದೆ. ಅಲ್ಲಿ ಎದುರಾಳಿಯ ಕೈಯಲ್ಲಿ ಏನಿದೆ ಎಂದು ಕ್ಷಣಕ್ಷಣವೂ ನೋಡದವನು ಆಡಲಾರ.

ಮೀಸಲನ್ನು ಶಾಸ್ತ್ರವಾಗಿ ಹೇಳಿದ ಹಳೆಯ ಗ್ರಂಥ ನಮಗೆ ಮೈಸೂರಿನಿಂದಲೇ ದಕ್ಕಿತು. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. ಅದರ ಹತ್ತನೆಯ ಅಧಿಕರಣ ಯುದ್ಧದ್ದು. ಅಲ್ಲಿ ರಾಜ ತನ್ನ ವ್ಯೂಹದಿಂದ 200 ಬಿಲ್ಲಿನಷ್ಟು ಹಿಂದೆ ಮೀಸಲು ಪಡೆಯ ಜೊತೆ ನಿಲ್ಲಬೇಕು, ಒಡೆದು ಓಡಿಬಂದ ದಂಡನ್ನು ಅಲ್ಲಿ ಮತ್ತೆ ಕೂಡಿಸಬೇಕು, ಮೀಸಲಿಲ್ಲದೆ ಯುದ್ಧಕ್ಕೇ ಇಳಿಯಬಾರದು ಎಂಬ ವಿಧಿ ಇದೆ. ಕೌಟಿಲ್ಯನಿಗೆ ಮೀಸಲು ಎಂದರೆ ಮೊದಲಿಗೆ ಓಡಿಬಂದವರು ನಿಲ್ಲುವ ನೆಲೆ. ಹೊಡೆಯುವ ಕೈ ಆಮೇಲಿನದು. ಇಂದಿನ ಮೇಜಿನ ಆಟಗಳಲ್ಲಿ ಹೆಚ್ಚಿನವು ಈ ಮೊದಲ ಕೆಲಸವನ್ನು ಮರೆತೇಬಿಟ್ಟಿವೆ. ಅವುಗಳಲ್ಲಿ ಮೀಸಲು ಬರುವುದು ಹೊಡೆಯಲಿಕ್ಕೆ ಮಾತ್ರ. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಮೀಸಲು ಪಡೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಬೇಕಿದ್ದರೆ ರಾಯಚೂರಿಗೆ ಹೋಗಬೇಕು. 1520ರ ಮೇ 19. ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ ಕೃಷ್ಣದೇವರಾಯನನ್ನು ಎದುರಿಸಲು ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದ. ಮುಂದಿನ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ಅವನು ಹೇಳುವ ಸೈನಿಕರ ಸಂಖ್ಯೆಯನ್ನು ಹಾಗೆಯೇ ನಂಬಲಾಗದು, ಆದರೆ ಯುದ್ಧದ ನಡೆ ಸ್ಪಷ್ಟವಾಗಿದೆ. ರಾಯನ ಮುಂಚೂಣಿ ನುಗ್ಗಿ ಆದಿಲ್ ಶಾಹನವರನ್ನು ಅವರ ಕಂದಕಗಳ ತನಕ ಒತ್ತಿತು. ಅಲ್ಲಿ ಸಾಲಾಗಿ ಕಾದಿದ್ದ ಫಿರಂಗಿಗಳು ಒಟ್ಟಿಗೆ ಸಿಡಿದವು. ಒತ್ತಾಗಿ ನಿಂತಿದ್ದ ಮುಂಚೂಣಿ ಒಡೆಯಿತು, ಬಿಜಾಪುರದ ದಂಡು ಬೆನ್ನಟ್ಟಿ ಬಂತು. ಎರಡನೆಯ ಸಾಲಿನೊಂದಿಗಿದ್ದ ರಾಯ, ತನ್ನ ಸಾವಿನ ಸುದ್ದಿಗೆ ಗುರುತಾಗಿ ರಾಣಿಯರಿಗೆ ತೋರಿಸಲೆಂದು ಬೆರಳಿನ ಉಂಗುರವನ್ನು ಸೇವಕನ ಕೈಗಿಟ್ಟು ಕುದುರೆ ಏರಿದನೆಂದು ನೂನಿಜ್ ಬರೆಯುತ್ತಾನೆ. ಆ ಸಾಲು ಮುಂದೆ ಬಂದಾಗ ಬೆನ್ನಟ್ಟಿದವರ ಕ್ರಮ ಕೆಟ್ಟಿತ್ತು, ಅವರ ಫಿರಂಗಿಗಳು ಹಿಂದೆ ಉಳಿದಿದ್ದವು. ಆದಿಲ್ ಶಾಹನ ಸೈನ್ಯ ನದಿಯ ತನಕ ಹಿಮ್ಮೆಟ್ಟಿ, ನದಿಯಲ್ಲೇ ಬಹಳ ಜನ ಸತ್ತರು.

ರಾಯನ ಎರಡನೆಯ ಸಾಲು ಸರಿಯಾದ ಗಳಿಗೆಯಲ್ಲಿ ಹೊರಟದ್ದು ಅದು ಬಲವಾಗಿದ್ದುದರಿಂದ ಮಾತ್ರವಲ್ಲ. ಎದುರಾಳಿ ತನ್ನ ಅತಿ ದೊಡ್ಡ ಏಟನ್ನು ಆಗಲೇ ಹೊಡೆದು ಮುಗಿಸಿದ್ದ. ಅವನ ಬಳಿ ಮರು ಉತ್ತರ ಇರಲಿಲ್ಲ. 1815ರ ಜೂನ್ 18ರಂದು ವಾಟರ್‌ಲೂನಲ್ಲಿ ನೆಪೋಲಿಯನ್ ಇದರ ತಿರುವುಮುರುವು ಮಾಡಿದ. ಸಂಜೆಯ ಹೊತ್ತಿಗೆ ಇಂಗ್ಲಿಷರ ನಡುಸಾಲು ಬಿರಿಯುತ್ತಿದ್ದಾಗ ಸೇನಾನಿ ನೇ ಇನ್ನಷ್ಟು ದಂಡು ಕೇಳಿದ, ಸಿಗಲಿಲ್ಲ. ಸಾಮ್ರಾಟನ ಖಾಸಾ ಪಡೆ ಹೊರಟಾಗ ಏಳೂವರೆ ಆಗಿತ್ತು. ಅಷ್ಟರಲ್ಲಿ ಬಿರುಕು ಮುಚ್ಚಿತ್ತು, ಪ್ರಷ್ಯನ್ನರು ಬಲಗಡೆಗೆ ಬಂದಿದ್ದರು. 1761ರ ಪಾಣಿಪತ್ತಿನಲ್ಲಿ ಅಹ್ಮದ್ ಶಾಹ ಅಬ್ದಾಲಿ ಮಧ್ಯಾಹ್ನದ ತನಕ ತಡೆಹಿಡಿದ ಮೀಸಲು ಮರಾಠರ ಮೇಲೆ ಬಿದ್ದಾಗ ಮರಾಠರ ಬಳಿ ಅದನ್ನು ತಡೆಯಲು ತಾಜಾ ಪಡೆ ಉಳಿದಿರಲಿಲ್ಲ.

ಈ ತಿಳುವಳಿಕೆಯನ್ನು ಮೇಜಿನ ಮೇಲೆ ತಂದವರು ಪ್ರಷ್ಯನ್ ಸೇನಾಧಿಕಾರಿಗಳು. 1824ರಲ್ಲಿ ರೈಸ್‌ವಿಟ್ಸ್ ರೂಪಿಸಿದ ಕ್ರೀಗ್‌ಸ್ಪೀಲ್‌ನಲ್ಲಿ 1:8000 ಅಳತೆಯ ನಕ್ಷೆ, ಕೆಂಪು ನೀಲಿ ತುಂಡುಗಳು, ನಡುವೆ ಒಬ್ಬ ತೀರ್ಪುಗಾರ. ಎದುರಾಳಿಯ ಕಣ್ಣಿಗೆ ಬೀಳದ ಪಡೆ ನಕ್ಷೆಯ ಮೇಲೆ ಇರುವುದೇ ಇಲ್ಲ. ಅದು ಎಲ್ಲಿದೆ ಎಂದು ತೀರ್ಪುಗಾರನಿಗೆ ಮಾತ್ರ ಗೊತ್ತು. ನನ್ನ ಮಟ್ಟಿಗೆ ಮೀಸಲಿಗೆ ಇದಕ್ಕಿಂತ ನ್ಯಾಯವಾದ ನಿಯಮ ಇಂದಿಗೂ ಬಂದಿಲ್ಲ. ಇದಕ್ಕೆ ಮೂರನೆಯ ಮನುಷ್ಯ ಬೇಕು ಎಂಬುದೇ ತೊಡಕು. ಎಚ್.ಜಿ. ವೆಲ್ಸ್ 1913ರ ‘ಲಿಟ್ಲ್ ವಾರ್ಸ್’ನಲ್ಲಿ ತೀರ್ಪುಗಾರನ ಬದಲು ನೆಲದ ನಡುವೆ ಒಂದು ಪರದೆ ಕಟ್ಟಿದರು. ಎರಡೂ ಕಡೆಯವರು ಸೈನಿಕರನ್ನು ನಿಲ್ಲಿಸಿದ ಮೇಲೆ ಪರದೆ ಸರಿಯುತ್ತದೆ. ಆರಂಭದ ಗುಟ್ಟಷ್ಟೇ ಉಳಿಯಿತು, ನಡುವಿನದ್ದು ಹೋಯಿತು.

ಇಬ್ಬರೇ ಆಡುವ ಇಂದಿನ ಆಟಗಳು ತೀರ್ಪುಗಾರನ ಜಾಗದಲ್ಲಿ ದಾಳವನ್ನು ಕೂರಿಸಿದವು. 1987ರಲ್ಲಿ ಬಂದ ವಾರ್‌ಹ್ಯಾಮರ್ 40,000 ಇವುಗಳಲ್ಲಿ ಅತಿ ಹೆಚ್ಚು ಜನ ಆಡುವಂಥದ್ದು. ಅದರ ಹಲವು ಹಳೆಯ ಆವೃತ್ತಿಗಳಲ್ಲಿ ಹೊರಗಿಟ್ಟ ತುಕಡಿಗೆ ಎರಡನೆಯ ಸರದಿಯಲ್ಲಿ ದಾಳ ನಾಲ್ಕು ಅಥವಾ ಮೇಲೆ, ಮೂರನೆಯದರಲ್ಲಿ ಮೂರು ಅಥವಾ ಮೇಲೆ, ನಾಲ್ಕನೆಯದರಲ್ಲಿ ಎರಡು ಅಥವಾ ಮೇಲೆ ಬೀಳಬೇಕಿತ್ತು. ಲೆಕ್ಕ ಹಾಕಿ ನೋಡಿ. ಒಂದು ತುಕಡಿ ಎರಡನೆಯ ಸರದಿಯಲ್ಲಿ ಬರುವ ಸಾಧ್ಯತೆ ಅರ್ಧ. ಮೂರನೆಯದರ ಕೊನೆಗೂ ಬಾರದೆ ಉಳಿಯುವುದು ಆರರಲ್ಲಿ ಒಂದು, ನಾಲ್ಕನೆಯದರ ಕೊನೆಗೆ 36ರಲ್ಲಿ ಒಂದು. ಒಂಟಿ ತುಕಡಿಗೆ ಇದು ಕೆಟ್ಟ ಲೆಕ್ಕವಲ್ಲ. ಆದರೆ ಮೂರು ತುಕಡಿಗಳನ್ನು ಹೊರಗಿಟ್ಟು ಒಟ್ಟಿಗೇ ನುಗ್ಗಿಸುತ್ತೇನೆ ಎಂದು ಕಾದು ಕೂತರೆ, ಎರಡನೆಯ ಸರದಿಯಲ್ಲೇ ಮೂರೂ ಬರುವ ಸಾಧ್ಯತೆ ಎಂಟರಲ್ಲಿ ಒಂದು ಮಾತ್ರ. ಉಳಿದ ಹೊತ್ತೆಲ್ಲ ಅವು ಬಿಡಿಬಿಡಿಯಾಗಿ ಬಂದು ಬಿಡಿಬಿಡಿಯಾಗಿ ಸಾಯುತ್ತವೆ. ಆಗಿನ ಆಟಗಾರರು ಹಾಕುತ್ತಿದ್ದ ಶಾಪಕ್ಕೆ ಕಾರಣ ಈ ಲೆಕ್ಕ.

ಶಾಪ ಕೇಳಿಸಿತು ಎನ್ನಬೇಕು, 2020ರ ಒಂಬತ್ತನೆಯ ಆವೃತ್ತಿ ಮತ್ತು 2023ರ ಹತ್ತನೆಯ ಆವೃತ್ತಿಯಲ್ಲಿ ಆ ದಾಳ ಇಲ್ಲ. ಮೊದಲ ಸರದಿ ಕಳೆದ ಮೇಲೆ ಆಟಗಾರ ತನಗೆ ಬೇಕೆಂದಾಗ ತುಕಡಿಯನ್ನು ತರಬಹುದು. ಹತ್ತನೆಯ ಆವೃತ್ತಿಯಲ್ಲಿ ಅದು ಮೇಜಿನ ಅಂಚಿನಿಂದ 6 ಇಂಚಿನ ಒಳಗೆ, ಎದುರಾಳಿಯಿಂದ 9 ಇಂಚಿಗಿಂತ ಹೆಚ್ಚು ದೂರದಲ್ಲಿ ಇಳಿಯಬೇಕು. ಈ 9 ಇಂಚೇ ಹೊಸ ದಾಳ. ಇಳಿದ ತಕ್ಷಣ ಮೇಲೆ ಬೀಳಬೇಕೆಂದರೆ ಎರಡು ದಾಳ ಸೇರಿ 9 ಅಥವಾ ಹೆಚ್ಚು ಬೀಳಬೇಕು, ಅದು 36ರಲ್ಲಿ 10 ಸಲ, ನೂರಕ್ಕೆ 28ರಷ್ಟು. ಬರುವುದು ಖಚಿತ, ಬಂದ ಮೇಲಿನ ಏಟು ಖಚಿತವಲ್ಲ. ಪಂದ್ಯಾವಳಿಗೆ ಇದು ಒಳ್ಳೆಯ ನಿಯಮ, ಯೋಜನೆ ಮಾಡಿದವನಿಗೆ ಫಲ ಸಿಗುತ್ತದೆ. ಯುದ್ಧದ ಅನುಭವವಾಗಿ ಮಾತ್ರ ಸಪ್ಪೆ. ರಾಯಚೂರಿನಲ್ಲಿ ರಾಯನಿಗಾಗಲಿ ವಾಟರ್‌ಲೂನಲ್ಲಿ ನೇಗಾಗಲಿ ಇಂಥ ಖಾತರಿ ಇರಲಿಲ್ಲ.

ಎರಡನೆಯ ಮಹಾಯುದ್ಧವನ್ನು ಆಡುವ ಬೋಲ್ಟ್ ಆ್ಯಕ್ಷನ್ 2012ರಲ್ಲಿ ಬಂತು. ಅದರ ಒಂದು ನಿಯಮ ನನಗೆ ಬಹಳ ಇಷ್ಟ. ಸುತ್ತಿ ಬಂದು ಪಕ್ಕದಿಂದ ಹೊಡೆಯಬೇಕಾದ ತುಕಡಿ ಎಡದಿಂದ ಬರುತ್ತದೋ ಬಲದಿಂದಲೋ ಎಂದು ಆಟದ ಆರಂಭದಲ್ಲೇ ಗುಟ್ಟಾಗಿ ಬರೆದಿಡಬೇಕು. ಹೆಚ್ಚು ಸರದಿ ಕಾದಷ್ಟೂ ಆ ಅಂಚಿನಲ್ಲಿ ಹೆಚ್ಚು ಮುಂದಿನಿಂದ ಒಳಗೆ ಬರಬಹುದು. ಬರೆದಾದ ಮೇಲೆ ಎದುರಾಳಿ ಇನ್ನೊಂದು ಬದಿಗೆ ಸರಿದರೆ ಏನೂ ಮಾಡುವ ಹಾಗಿಲ್ಲ. ಕಾಯುವುದಕ್ಕೆ ಬೆಲೆಯೂ ಇದೆ, ಫಲವೂ ಇದೆ. ನಿರ್ಧಾರ ಮೊದಲೇ ಆಗಿರುತ್ತದೆ. ನಿಜವಾದ ಸೇನಾನಿ ದೂರ ಕಳಿಸಿದ ದಂಡನ್ನು ನಡುದಾರಿಯಲ್ಲಿ ಕೂಗಿ ಕರೆಯಲಾರ ಎಂಬುದನ್ನು ಒಂದು ಚೀಟಿ ಹೇಳಿಬಿಡುತ್ತದೆ. ಫ್ಲೇಮ್ಸ್ ಆಫ್ ವಾರ್‌ನಲ್ಲಿ ಸರದಿ ಹೋದಂತೆ ದಾಳಗಳ ಸಂಖ್ಯೆ ಒಂದೊಂದೇ ಏರಿ, ಐದು ಅಥವಾ ಆರು ಬಿದ್ದ ಪ್ರತಿ ದಾಳಕ್ಕೂ ಒಂದು ತುಕಡಿ ಬರುತ್ತದೆ. ಯಾವುದು ಬರಬೇಕೆಂಬ ಆಯ್ಕೆ ಆಟಗಾರನದು. ಇದೂ ಸಮಾಧಾನದ ನಡುದಾರಿ.

ಹಾಗಾದರೆ ಮೀಸಲನ್ನು ಇಡಬೇಕೇ? ಐದು ಸರದಿಯ ಆಟದಲ್ಲಿ ಮೂರನೆಯ ಸರದಿಗೆ ಬಂದ ತುಕಡಿ ಎರಡು ಸರದಿ ಸುಮ್ಮನೆ ಕಳೆದಿರುತ್ತದೆ, ಅದರ ಕೆಲಸದಲ್ಲಿ ನೂರಕ್ಕೆ 40 ಹೋಯಿತು. ಅಷ್ಟು ಕಳೆದುಕೊಂಡದ್ದಕ್ಕೆ ಏನು ಬಂತು ಎಂದು ಕೇಳಿಕೊಳ್ಳಲೇಬೇಕು. ಎದುರಾಳಿ ಮೊದಲ ಸರದಿಯಲ್ಲೇ ದೂರದಿಂದ ಹೊಡೆದು ಕೊಲ್ಲಬಲ್ಲ ದುರ್ಬಲ ಆದರೆ ಬೆಲೆಬಾಳುವ ತುಕಡಿಯನ್ನು ಹೊರಗಿಡುವುದು ಸರಿ. ನಿಧಾನವಾಗಿ ನಡೆಯುವ, ಹತ್ತಿರ ಬಂದರೆ ಮಾತ್ರ ಹೊಡೆಯಬಲ್ಲ ತುಕಡಿಯನ್ನು ಅಂಚಿನಿಂದ ತರುವುದೂ ಸರಿ. ದೂರದಿಂದಲೇ ಹೊಡೆಯಬಲ್ಲದ್ದನ್ನು ಹೊರಗಿಡುವುದು ಮಾತ್ರ ಶುದ್ಧ ನಷ್ಟ. ಎಲ್ಲಕ್ಕಿಂತ ದೊಡ್ಡ ತಪ್ಪು, ಯಾವ ಕೆಲಸಕ್ಕೆ ಎಂದು ನಿರ್ಧರಿಸದೆ ‘ಆಮೇಲೆ ನೋಡೋಣ’ ಎಂದು ಇಟ್ಟ ಮೀಸಲು. ಅದು ಹೆಚ್ಚಾಗಿ ಸೋಲುತ್ತಿರುವ ಕಡೆಗೇ ಇಳಿದು ಅಲ್ಲೇ ಕರಗುತ್ತದೆ.

ನಮ್ಮ ನೆಲದ ಇನ್ನೊಂದು ಬಗೆಯ ಕಾಳಗವನ್ನು ನೋಡಲು ಈಗ ಕುಬಟೂರಿಗೆ ಬರುತ್ತೇನೆ. ಸೊರಬ ತಾಲ್ಲೂಕಿನ ಆನವಟ್ಟಿಯ ಪಕ್ಕದ ಈ ಊರು ಶಾಸನಗಳಲ್ಲಿ ಕುಪ್ಪಟೂರು, ಜನರ ಬಾಯಲ್ಲಿ ಚಂದ್ರಹಾಸನ ಕುಂತಳಪುರ. ಕೈಟಭೇಶ್ವರ ದೇವಾಲಯದ ಕಡೆದ ಕಂಬಗಳನ್ನೂ ಪಾರ್ಶ್ವನಾಥ ಬಸದಿಯನ್ನೂ ನೋಡಿದವರಿಗೆ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಇಲ್ಲಿ ಎಷ್ಟು ಸಂಪತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಸಂಪತ್ತಿದ್ದಲ್ಲಿ ದಾಳಿ ಇರುತ್ತದೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ, ಎಂಟನೆಯದರಲ್ಲಿ ಸೊರಬದ ಶಾಸನಗಳನ್ನು ಪ್ರಕಟಿಸಿದ್ದಾರೆ. ಅವುಗಳಲ್ಲಿ ವೀರಗಲ್ಲುಗಳ ಬರಹ ತುಂಬಾ ಇದೆ. ತುರುಗೋಳಿನಲ್ಲಿ ದನ ಬಿಡಿಸಿ ಸತ್ತವರು, ಊರಳಿವಿನಲ್ಲಿ ಬಿದ್ದವರು, ಹೆಣ್ಣಿನ ಮಾನ ಕಾಯಲು ಹೋದವರು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ.

ಯುದ್ಧದಾಟದ ಕಣ್ಣಿನಿಂದ ನೋಡಿದರೆ ತುರುಗೋಳು ಪೂರ್ತಿ ಮೀಸಲು ಪಡೆಯ ಕಾಳಗ. ಹೊತ್ತನ್ನೂ ಜಾಗವನ್ನೂ ಆರಿಸುವವನು ದನ ಹೊಡೆಯಲು ಬಂದವನು. ಊರಿನವರು ಗದ್ದೆಯಲ್ಲಿ, ಕೆರೆಯ ಹಿಂದೆ, ಪಕ್ಕದ ಹಳ್ಳಿಯಲ್ಲಿ ಚದುರಿದ್ದಾರೆ. ಕೂಗು ಕೇಳಿದವರು ಕೇಳಿದಂತೆ ಬರಬೇಕು. ಮೊದಲು ಬಂದವನು ಒಂಟಿಯಾಗಿ ತಡೆದು ಸಾಯಬಹುದು, ಅಥವಾ ಉಳಿದವರಿಗೆ ಕಾದು ದನ ಕೈತಪ್ಪಿಸಿಕೊಳ್ಳಬಹುದು.

ಇದನ್ನು ಮೇಜಿಗೆ ತರುವುದು ಕಷ್ಟವಲ್ಲ. ನಾಲ್ಕಡಿ ಚೌಕದ ಮೇಜಿನ ನಡುವೆ ಆರು ದನ, ಹನ್ನೆರಡು ದಾಳಿಕೋರರು. ದನ ಸರದಿಗೆ 4 ಇಂಚು ನಡೆಯುತ್ತವೆ. ಅಂಚು 24 ಇಂಚು ದೂರ, ಆರು ಸರದಿಯಲ್ಲಿ ದಾಟಿಬಿಡುತ್ತವೆ. ಊರಿನವರು ಆರಾರು ಜನರ ಮೂರು ಗುಂಪು, ಎಲ್ಲರೂ ಮೇಜಿನ ಹೊರಗೆ. ಎರಡನೆಯ ಸರದಿಯಿಂದ ಪ್ರತಿ ಗುಂಪಿಗೂ ಆ ಹಳೆಯ ದಾಳವನ್ನೇ ಎಸೆಯಿರಿ: ನಾಲ್ಕು, ಮೂರು, ಎರಡು. ಎರಡನೆಯ ಸರದಿಯಲ್ಲಿ ಒಂದು ಗುಂಪಾದರೂ ಬರುವ ಸಾಧ್ಯತೆ ಎಂಟರಲ್ಲಿ ಏಳು, ಮೂರೂ ಬರುವುದು ಎಂಟರಲ್ಲಿ ಒಂದು. ನಾಲ್ಕನೆಯ ಸರದಿಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ ಬಂದಿರುತ್ತಾರೆ, ದನ ಅಂಚಿಗೆ ಎಂಟೇ ಇಂಚು ದೂರ. ಬಂದ ಗುಂಪನ್ನು ತಕ್ಷಣ ಇಳಿಸಲೂಬಹುದು, ಇನ್ನೊಂದಕ್ಕೆ ಕಾಯಿಸಲೂಬಹುದು. ಊರಿನವರಿಗೆ ಕಾಲುದಾರಿ ಗೊತ್ತು, ಯಾವ ಅಂಚಿನಿಂದ ಬೇಕಾದರೂ ಬರಲಿ. ದಾಳಿಕೋರರೂ ತಮ್ಮ ಹನ್ನೆರಡರಲ್ಲೇ ಒಂದು ಗುಂಪನ್ನು ಮೀಸಲು ಇಡಲಿ, ಆದರೆ ಅದರ ಅಂಚು ಮೊದಲೇ ಚೀಟಿಯಲ್ಲಿ ಬರೆದಿರಲಿ. ಅವರಿಗೆ ಈ ನೆಲ ಹೊಸದು. ಚದುರಿ ಓಡಿದ ಊರಿನವರು ಹೊಸದಾಗಿ ಬಂದ ಗುಂಪಿನ 6 ಇಂಚಿನೊಳಗೆ ಸೇರಿದರೆ ಮತ್ತೆ ನಿಲ್ಲಲಿ, ಅಲ್ಲಿಗೆ ಕೌಟಿಲ್ಯನ ಮಾತೂ ನಡೆದಂತಾಯಿತು.

ಗೊಂಬೆಗಳಿಗೆ ಪರದೇಶದ ಪ್ಲಾಸ್ಟಿಕ್ಕೇ ಬೇಕೆಂದಿಲ್ಲ. ಸೊರಬ, ಸಾಗರದ ಗುಡಿಗಾರರು ಗಂಧದಲ್ಲಿ ಬೆರಳುದ್ದದ ಆನೆ, ದೇವರನ್ನು ಕೂದಲೆಳೆಯ ನಯದಲ್ಲಿ ಕೆತ್ತುವ ಮನೆತನದವರು. ಆಟದ ಸೈನಿಕನಿಗೆ ಗಂಧ ಬೇಡ, ಚನ್ನಪಟ್ಟಣದವರು ಬಳಸುವ ಹಾಲೆ ಮರ ಸಾಕು. ವೀರಗಲ್ಲಿನ ಕತ್ತಿ, ಗುರಾಣಿ, ಬಿಲ್ಲು, ತುರುಬನ್ನು ನೋಡಿ ಕೆತ್ತಿದ ಹದಿನೆಂಟು ಊರಿನವರು, ಹನ್ನೆರಡು ದಾಳಿಕೋರರು ಮತ್ತು ಆರು ದನ ಇದ್ದ ಪೆಟ್ಟಿಗೆಯನ್ನು ಕನ್ನಡದ ಶಾಲೆಗಳಲ್ಲಿ ನೋಡುವ ಆಸೆ ನನಗಿದೆ. ಇತಿಹಾಸದ ಪಾಠದಲ್ಲಿ ವೀರಗಲ್ಲು ಒಂದು ಚಿತ್ರವಾಗಿ ಬಂದು ಹೋಗುತ್ತದೆ. ಮೂರನೆಯ ಸರದಿಯಲ್ಲೂ ದಾಳ ಬೀಳದೆ ಎರಡು ಗುಂಪು ಹೊರಗೇ ಉಳಿದಾಗ, ಒಳಗಿರುವ ಒಂದು ಗುಂಪನ್ನು ಏನು ಮಾಡಲಿ ಎಂದು ಯೋಚಿಸುವ ಮಗುವಿಗೆ ಆ ಕಲ್ಲಿನ ಮೇಲಿನ ಮನುಷ್ಯನ ತೊಡಕು ಅರ್ಥವಾಗುತ್ತದೆ.

ಆಟದ ನಿಯಮ ಬರೆಯುವವರಿಗೆ ನನ್ನ ಕೋರಿಕೆ ಇಷ್ಟೇ. ಮೀಸಲು ಬರುವ ಹೊತ್ತಿನಲ್ಲಿ ಸ್ವಲ್ಪ ಅನುಮಾನ ಉಳಿಸಿ, ಆದರೆ ಪೂರ್ತಿ ದಾಳಕ್ಕೆ ಬಿಡಬೇಡಿ. ಬರುವ ಅಂಚನ್ನು ಮೊದಲೇ ಬರೆಸಿ. ಓಡಿದವರನ್ನು ಕೂಡಿಸುವ ಕೆಲಸವನ್ನು ಮೀಸಲಿಗೆ ಮರಳಿ ಕೊಡಿ. ಆಡುವವರಿಗೆ ಹೇಳುವುದಾದರೆ, ಸೈನ್ಯದ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಹೆಚ್ಚನ್ನು ಹೊರಗಿಡಬೇಡಿ. ಎದುರಾಳಿಯೂ ಮೀಸಲು ಇಟ್ಟಿದ್ದರೆ ಅವನದು ಇಳಿಯುವ ತನಕ ನಿಮ್ಮದನ್ನು ಇಳಿಸುವ ಅವಸರ ಬೇಡ.